ಕೌದಿಯ ಅಂಚಿಗೆ ಒಂದಕ್ಕಿಂತ ಹೆಚ್ಚು ಬಟ್ಟೆ ಹಾಕುವುದು ಹೇಗೆ?

ಮನೆಯಲ್ಲಿ ಮಡಿಸಿಟ್ಟ ಹಳೆಯ ಸೀರೆಗಳಿಂದ ಕೌದಿ ಹೊಲಿಯುವ, ಹೊಲಿಸುವ ಆಸೆ ಈಗ ಪಟ್ಟಣದವರಿಗೂ ಬಂದಿದೆ. ಅವ್ವನ ಇಳಕಲ್ ಸೀರೆ, ಅಪ್ಪನ ಧೋತರ, ಮಗು ಮೊದಲ ವರ್ಷದಲ್ಲಿ ತೊಟ್ಟ ಅಂಗಿ ಎಲ್ಲವೂ ಒಂದೇ ಹೊದಿಕೆಯಲ್ಲಿ ಕೂಡಲಿ ಎನ್ನುವ ಬಯಕೆ ಅದು. ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ತುಣುಕು ಜೋಡಿಸಿ, ಸಾಲು ಸಾಲಾಗಿ ಟಾಕಿ ಹಾಕುವವರೆಗೆ ಕೆಲಸ ಸಲೀಸಾಗಿ ಸಾಗುತ್ತದೆ. ಅಂಚು ಕಟ್ಟುವಾಗ ಕೈ ತಡೆಯುತ್ತದೆ. ಸುತ್ತಲೂ ಹಾಕುವಷ್ಟು ಒಂದೇ ಬಟ್ಟೆ ಮನೆಯಲ್ಲಿ ಸಿಗುವುದಿಲ್ಲ. ಸಿಕ್ಕರೂ, ಯಾರ ಬಟ್ಟೆಯನ್ನು ಅಂಚಿಗೆ ಹಾಕಬೇಕು, ಯಾರದನ್ನು ಬಿಡಬೇಕು ಎಂಬ ಪ್ರಶ್ನೆ ಏಳುತ್ತದೆ.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. 60 ಇಂಚು ಅಗಲ, 90 ಇಂಚು ಉದ್ದದ ಕೌದಿಯ ನಾಲ್ಕೂ ಬದಿ ಸೇರಿದರೆ 300 ಇಂಚು. ಸಾಮಾನ್ಯ ಸೀರೆಯ ಉದ್ದ ಐದೂವರೆ ಮೀಟರ್, ಅಂದರೆ ಸುಮಾರು 216 ಇಂಚು. ಒಂದು ಇಡೀ ಸೀರೆಯ ಉದ್ದಕ್ಕೆ ಪಟ್ಟಿ ಹರಿದುಕೊಂಡರೂ ಕೌದಿಯ ಸುತ್ತಿಗೆ ಸಾಲದು. ಉಟ್ಟು ಉಟ್ಟು ನಡುವೆ ನವೆದ ಸೀರೆಯಾದರೆ ಗಟ್ಟಿಯಾಗಿ ಉಳಿದಿರುವುದು ಅಲ್ಲೊಂದು ಇಲ್ಲೊಂದು ಭಾಗ ಮಾತ್ರ. ಹೀಗಾಗಿ ಅಂಚಿನಲ್ಲಿ ಕೂಡಿಕೆ ಬಂದೇ ಬರುತ್ತದೆ. ಹೇಗೂ ಕೂಡಿಸಬೇಕಾದ ಮೇಲೆ ಬೇರೆ ಬೇರೆ ಬಟ್ಟೆಯನ್ನೇ ಕೂಡಿಸಬಹುದು, ಅದರಿಂದ ಕೌದಿಗೆ ಬಲ ಕಡಿಮೆಯಾಗುವುದಿಲ್ಲ. ಆದರೆ ಎಂಥ ಬಟ್ಟೆ, ಯಾವ ದಿಕ್ಕಿಗೆ ಕತ್ತರಿಸಿದ್ದು, ಕೂಡಿಕೆ ಎಲ್ಲಿ ಬೀಳುತ್ತದೆ ಎಂಬ ಮೂರು ವಿಷಯ ಮೊದಲೇ ತಿಳಿದಿರಬೇಕು.

ಅಂಚುಪಟ್ಟಿಗೆ ಇರುವ ಕೆಲಸ

ಕೌದಿಯಲ್ಲಿ ಕನಿಷ್ಠ ಮೂರು ಪದರ ಇರುತ್ತವೆ. ಕೆಳಗೆ ಅಸ್ತರ, ನಡುವೆ ಹಳೆಯ ಬಟ್ಟೆಗಳು, ಮೇಲೆ ತುಣುಕಿನ ಜೋಡಣೆ. ನಾಲ್ಕೂ ಬದಿಯಲ್ಲಿ ಈ ಪದರಗಳ ಕತ್ತರಿಸಿದ ತುದಿ ಹೊರಗೆ ಕಾಣುತ್ತದೆ. ಹಾಗೇ ಬಿಟ್ಟರೆ ಎಳೆ ಬಿಚ್ಚಿಕೊಳ್ಳುತ್ತದೆ, ತೊಳೆದಾಗ ಪದರಗಳು ಜರುಗುತ್ತವೆ. ಆ ತುದಿಗಳನ್ನು ಒಳಗೆ ಹಾಕಿ ಮುಂದಿನಿಂದ ಹಿಂದಕ್ಕೆ ಮಡಚಿ ಹೊಲಿಯುವ ಉದ್ದನೆಯ ಪಟ್ಟಿಯೇ ಅಂಚುಪಟ್ಟಿ. ದರ್ಜಿಗಳು ಬೈಂಡಿಂಗ್ ಎನ್ನುತ್ತಾರೆ.

ಅಂಚು ಮುಗಿಸಲು ಬೇರೆ ದಾರಿಗಳೂ ಇವೆ. ಮೇಲಿನ ಬಟ್ಟೆಯನ್ನೂ ಅಸ್ತರವನ್ನೂ ಒಳಕ್ಕೆ ಮಡಚಿ ಎರಡು ಮಡಿಕೆ ಎದುರುಬದುರು ಇಟ್ಟು ಹೊಲಿಯಬಹುದು. ಅಸ್ತರವನ್ನು ಒಂದೆರಡು ಇಂಚು ದೊಡ್ಡದಾಗಿ ಬಿಟ್ಟು ಮುಂದಕ್ಕೆ ಮಡಚಿ ತರಬಹುದು. ಪಟ್ಟಿಯನ್ನು ಬೇರೆಯಾಗಿ ಹಾಕುವುದರಲ್ಲಿ ಒಂದು ಅನುಕೂಲವಿದೆ: ಸವೆದಾಗ ಅದನ್ನಷ್ಟೇ ಬಿಚ್ಚಿ ಬದಲಾಯಿಸಬಹುದು, ಕೌದಿಯ ಒಡಲನ್ನು ಮುಟ್ಟಬೇಕಿಲ್ಲ.

ಹೊದಿಕೆಯಲ್ಲಿ ಮೊದಲು ಸವೆಯುವುದೂ ಅಂಚೇ. ಹೊದ್ದುಕೊಳ್ಳುವಾಗ ಕೈ ಹಿಡಿಯುವುದು ಅಲ್ಲಿ, ಗಲ್ಲಕ್ಕೆ ತಾಗುವುದು ಅಲ್ಲಿ, ಮಂಚದ ಬದಿಗೆ ಉಜ್ಜುವುದೂ ಅಲ್ಲೇ. ಆದ್ದರಿಂದ ಅಂಚಿಗೆ ಬಟ್ಟೆ ಆರಿಸುವಾಗ ಚೆಂದಕ್ಕಿಂತ ಮೊದಲು ಗಟ್ಟಿತನ ನೋಡಬೇಕು.

ಪಟ್ಟಿಯನ್ನು ಒಂಟಿ ಪದರದಲ್ಲಿ ಹಾಕಬಹುದು, ಇಲ್ಲವೇ ಉದ್ದಕ್ಕೆ ನಡುವೆ ಮಡಚಿ ಜೋಡಿ ಪದರದಲ್ಲಿ ಹಾಕಬಹುದು. ದಿನಬಳಕೆಯ ಕೌದಿಗೆ ಜೋಡಿ ಪದರವೇ ಸರಿ, ಮೇಲಿನ ಪದರ ಸವೆದರೂ ಒಳಗಿನದು ಕಾಯುತ್ತದೆ. ಮುಂದಿನ ಅಳತೆಗಳೆಲ್ಲ ಜೋಡಿ ಪದರದ ಪಟ್ಟಿಗೇ ಸೇರಿದವು.

ಬಟ್ಟೆಗೆ ಮೂರು ದಿಕ್ಕು

ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲು ಹಾಸು, ಅಡ್ಡಕ್ಕೆ ಲಾಳಿಯಲ್ಲಿ ಓಡುವ ನೂಲು ಹೊಕ್ಕು. ಹಾಸಿನ ದಿಕ್ಕಿಗೆ ಎಳೆದರೆ ಬಟ್ಟೆ ಹೆಚ್ಚುಕಡಿಮೆ ಜಗ್ಗುವುದೇ ಇಲ್ಲ. ಹೊಕ್ಕಿನ ದಿಕ್ಕಿಗೆ ತುಸು ಜಗ್ಗುತ್ತದೆ. ಇವೆರಡರ ನಡುವೆ ಓರೆಯಾಗಿ, 45 ಡಿಗ್ರಿಯಲ್ಲಿ ಎಳೆದರೆ ಚೆನ್ನಾಗಿ ಹಿಗ್ಗುತ್ತದೆ. ಓರೆಯಾಗಿ ಕತ್ತರಿಸಿದ್ದನ್ನೇ ದರ್ಜಿಗಳು ಕ್ರಾಸ್ ಪಟ್ಟಿ ಎನ್ನುವುದು. ರವಿಕೆಯ ಕುತ್ತಿಗೆಗೆ ಪೈಪಿಂಗ್ ಹಾಕಲು ಕ್ರಾಸ್ ಪಟ್ಟಿಯೇ ಬೇಕು, ಏಕೆಂದರೆ ಅದು ತಿರುವಿನಲ್ಲಿ ಬಾಗುತ್ತದೆ.

ಕೌದಿಯ ಬದಿಗಳು ನೇರವಾಗಿರುವುದರಿಂದ ನೇರ ಪಟ್ಟಿ ಸಾಕು. ಹಾಗಿದ್ದರೂ ಕೆಲವರು ಕ್ರಾಸ್ ಪಟ್ಟಿಯನ್ನೇ ಮೆಚ್ಚುತ್ತಾರೆ, ಅದಕ್ಕೆ ಕಾರಣವೂ ಇದೆ. ನೇರ ಪಟ್ಟಿಯಲ್ಲಿ ಮಡಿಕೆಯ ಏಣಿನ, ಅಂದರೆ ಮಡಚಿದ ತುದಿಯ ಮೇಲೆ ಉದ್ದಕ್ಕೂ ಅದೇ ಒಂದೆರಡು ಎಳೆ ಕೂತಿರುತ್ತವೆ. ಉಜ್ಜಿಕೆಯೆಲ್ಲ ಅವುಗಳ ಮೇಲೆ ಬೀಳುತ್ತದೆ. ಅವು ತುಂಡಾದರೆ ಪಟ್ಟಿ ಉದ್ದಕ್ಕೆ ಸೀಳುತ್ತಾ ಹೋಗುತ್ತದೆ. ಕ್ರಾಸ್ ಪಟ್ಟಿಯಲ್ಲಿ ಪ್ರತಿ ಎಳೆಯೂ ಏಣನ್ನು ಓರೆಯಾಗಿ ದಾಟಿ ಹೋಗುವುದರಿಂದ ಒಂದು ಎಳೆ ಹೋದರೆ ಹಾನಿ ಅಲ್ಲಿಗೇ ನಿಲ್ಲುತ್ತದೆ. ಆದರೆ ಕ್ರಾಸ್ ಪಟ್ಟಿಗೆ ಬಟ್ಟೆ ಹೆಚ್ಚು ಹಿಡಿಯುತ್ತದೆ, ತುಂಡು ಬಟ್ಟೆಗಳಲ್ಲಿ ಉದ್ದನೆಯ ಓರೆ ಪಟ್ಟಿ ಸಿಗುವುದೂ ಕಷ್ಟ.

ನೇರವೋ ಕ್ರಾಸೋ, ಒಂದನ್ನು ಆರಿಸಿ ಕಡೆತನಕ ಅದನ್ನೇ ಹಿಡಿಯಿರಿ. ಒಂದೇ ಬದಿಯಲ್ಲಿ ಒಂದು ತುಂಡು ನೇರ, ಪಕ್ಕದ್ದು ಕ್ರಾಸ್ ಆದರೆ ಹೊಲಿಯುವಾಗ ಒಂದು ಜಗ್ಗುತ್ತದೆ, ಇನ್ನೊಂದು ಜಗ್ಗುವುದಿಲ್ಲ. ನೆಲದ ಮೇಲೆ ಹಾಸಿದಾಗ ಅಂಚು ಅಲೆ ಅಲೆಯಾಗಿ ಏಳುತ್ತದೆ. ಹಲವು ಬಟ್ಟೆಯ ಅಂಚು ಸೊಟ್ಟಗಾಯಿತು ಎಂದು ಜನ ಬಣ್ಣಬಣ್ಣದ ತುಣುಕುಗಳನ್ನು ದೂರುವುದುಂಟು. ನಿಜವಾದ ಕಾರಣ ಎಷ್ಟೋ ಸಲ ಈ ದಿಕ್ಕಿನ ಬೆರಕೆ.

ಯಾವ ಬಟ್ಟೆಗೆ ಯಾವುದು ಜೋಡಿ

ಹೊಸಬರು ಮೊದಲು ಬಣ್ಣ ಹೊಂದುತ್ತದೆಯೇ ಎಂದು ನೋಡುತ್ತಾರೆ. ನನ್ನ ಮಟ್ಟಿಗೆ ಬಣ್ಣಕ್ಕೆ ಕೊನೆಯ ಸ್ಥಾನ. ದಪ್ಪ ಹೊಂದಬೇಕು, ಕುಗ್ಗುವ ಪ್ರಮಾಣ ಹೊಂದಬೇಕು, ಒಂದರ ಬಣ್ಣ ಇನ್ನೊಂದಕ್ಕೆ ಹತ್ತಬಾರದು. ಈ ಮೂರು ಸರಿಯಿದ್ದರೆ ಹಸಿರಿನ ಪಕ್ಕ ಕೆಂಪು, ಅದರ ಪಕ್ಕ ಚೌಕಳಿ, ಯಾವುದನ್ನಾದರೂ ಇಡಬಹುದು.

ದಪ್ಪ ತಿಳಿಯಲು ಎರಡು ಬಟ್ಟೆಯನ್ನೂ ಮಡಚಿ ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ನೋಡಿದರೆ ಸಾಕು. ಪ್ಯಾಂಟಿನ ಬಟ್ಟೆಯನ್ನು ಮಲ್ಲಿನ ಧೋತರದ ಪಕ್ಕ ಕೂಡಿಸಿದರೆ ಕೂಡಿಕೆಯ ಒಂದು ಬದಿ ಗಂಟಿನಂತೆ ಉಬ್ಬಿ, ತೆಳು ಬಟ್ಟೆ ಆ ಗಂಟಿನ ಏಣಿಗೇ ಹರಿಯುತ್ತದೆ. ತೆಳು ಧೋತರವನ್ನು ಅಂಚಿಗೆ ಹಾಕಲೇಬೇಕು ಎಂದಿದ್ದರೆ ಅದರ ಕೆಳಗೆ ಇನ್ನೊಂದು ತೆಳು ಹತ್ತಿ ಬಟ್ಟೆ ಇಟ್ಟು, ಕಚ್ಚಾ ಹೊಲಿಗೆ ಹಾಕಿ ಎರಡನ್ನೂ ಒಂದು ಮಾಡಿಕೊಳ್ಳಿ, ಆಮೇಲೆ ಪಟ್ಟಿ ಕತ್ತರಿಸಿ.

ಹತ್ತಿ ಬಟ್ಟೆ ನೀರು ಕಂಡಾಗ ಕುಗ್ಗುತ್ತದೆ. ಪಾಲಿಯೆಸ್ಟರ್ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಒಂದೇ ಅಂಚಿನಲ್ಲಿ ಎರಡೂ ಇದ್ದರೆ ಮೊದಲ ತೊಳೆತಕ್ಕೇ ಹತ್ತಿಯ ಭಾಗ ಬಿಗಿದು, ಪಾಲಿಯೆಸ್ಟರ್ ಭಾಗ ಸಡಿಲವಾಗಿ ಸುಕ್ಕುಗಟ್ಟುತ್ತದೆ. ಇಸ್ತ್ರಿಯಲ್ಲೂ ತೊಡಕು: ಹತ್ತಿಗೆ ಬೇಕಾದ ಬಿಸಿಗೆ ಪಾಲಿಯೆಸ್ಟರ್ ಮುದುಡಿಕೊಳ್ಳುತ್ತದೆ. ಹಳೆಯ ಹತ್ತಿ ಸೀರೆಗಳಿಗೆ ಒಂದು ಲಾಭವಿದೆ. ಅವು ನೂರು ಸಲ ಒಗೆತ ಕಂಡು ಕುಗ್ಗುವಷ್ಟೂ ಕುಗ್ಗಿರುತ್ತವೆ. ಅಂಗಡಿಯಿಂದ ತಂದ ಹೊಸ ಬಟ್ಟೆಯನ್ನು ಅವುಗಳ ಜೊತೆ ಸೇರಿಸುವುದಾದರೆ ರಾತ್ರಿ ನೀರಲ್ಲಿ ನೆನೆಹಾಕಿ, ಒಣಗಿಸಿ, ಇಸ್ತ್ರಿ ಮಾಡಿದ ಮೇಲೆಯೇ ಕತ್ತರಿ ಹಾಕಬೇಕು.

ಬಣ್ಣದ ಪರೀಕ್ಷೆಗೆ ಹತ್ತು ನಿಮಿಷ ಸಾಕು, ತಪ್ಪಿಸಬೇಡಿ. ಬಟ್ಟೆಯ ಒಂದು ಮೂಲೆಯನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ, ಬಿಳಿ ಹತ್ತಿ ಬಟ್ಟೆಯ ಮೇಲಿಟ್ಟು ಬಿಸಿ ಇಸ್ತ್ರಿ ಪೆಟ್ಟಿಗೆಯಿಂದ ಒತ್ತಿ. ಎತ್ತಿ ನೋಡಿದಾಗ ಬಿಳಿ ಬಟ್ಟೆಯಲ್ಲಿ ನಸುಗುಲಾಬಿಯೋ ತಿಳಿನೀಲಿಯೋ ಅಚ್ಚೊತ್ತಿದ್ದರೆ ಆ ಬಟ್ಟೆ ಇನ್ನೂ ಬಣ್ಣ ಬಿಡುತ್ತಿದೆ ಎಂದರ್ಥ. ಎರಡು ಮೂರು ಸಲ ಒಗೆದು ಮತ್ತೆ ಪರೀಕ್ಷಿಸಿ. ಆಗಲೂ ಬಿಟ್ಟರೆ ಅದು ಅಂಚಿಗೆ ಬೇಡ. ನೀಲಿ ಅದ್ದಿದ ಬಟ್ಟೆಗಳನ್ನು ಒಣಗಿದ್ದಾಗಲೂ ಪರೀಕ್ಷಿಸಬೇಕು. ಆ ಬಣ್ಣ ನೂಲಿನ ಮೇಲ್ಮೈಗೆ ಹತ್ತಿಕೊಂಡಿರುವುದರಿಂದ ಉಜ್ಜಿದರೂ ಬರುತ್ತದೆ, ಅಂಚಿಗೆ ಉಜ್ಜಿಕೆಯಂತೂ ತಪ್ಪಿದ್ದಲ್ಲ.

ಇನ್ನು ಇಳಕಲ್ ಸೀರೆಯ ಮಾತು. ಕೌದಿಗೆ ಬರುವ ಹಳೆಯ ಸೀರೆಗಳಲ್ಲಿ ಉತ್ತರ ಕರ್ನಾಟಕದ ಮನೆಗಳಲ್ಲಿ ಇದರದೇ ದೊಡ್ಡ ಪಾಲು. ಸಾಂಪ್ರದಾಯಿಕ ಇಳಕಲ್ಲಿನಲ್ಲಿ ಒಡಲು ಹತ್ತಿ, ಸೆರಗು ಮತ್ತು ದಡಿ ರೇಷ್ಮೆಯದು ಇಲ್ಲವೇ ಕೃತಕ ರೇಷ್ಮೆಯದು. ಒಡಲಿನ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಕುಣಿಕೆ ಹಾಕಿ ಮಗ್ಗದಲ್ಲೇ ಕೂಡಿಸಿರುತ್ತಾರೆ. ಒಂದೇ ಸೀರೆಯಲ್ಲಿ ಎರಡು ಜಾತಿಯ ನೂಲು ಇರುವುದರಿಂದ ಯಾವ ಭಾಗದಿಂದ ಪಟ್ಟಿ ತೆಗೆಯುತ್ತೀರಿ ಎಂಬುದು ಮುಖ್ಯವಾಗುತ್ತದೆ. ಒಡಲಿನ ಹತ್ತಿ ಅಂಚಿಗೆ ಬಹಳ ಒಳ್ಳೆಯದು. ದಡಿಯನ್ನು ಹಾಗೇ ಪಟ್ಟಿ ಮಾಡಿ ಹಾಕಿದರೆ ನೋಡಲು ಸೊಗಸು, ಆದರೆ ನಾಲ್ಕೂ ಬದಿಗೆ ದಡಿಯನ್ನೇ ಹಾಕಿದರೆ ಮಾತ್ರ ಅದು ಒಂದೇ ತೆರನಾಗಿ ನಡೆದುಕೊಳ್ಳುತ್ತದೆ. ರೇಷ್ಮೆಗೆ ಖಾರವಾದ ಸೋಪಿನ ಪುಡಿ ಆಗದು, ಬಿಸಿಲೂ ಆಗದು. ಹತ್ತಿಯ ಕೌದಿಯನ್ನು ಒಗೆಯುವ ಹಾಗೆ ಬಡಿದು ಒಗೆದರೆ ರೇಷ್ಮೆಯ ದಡಿ ಬೇಗ ಸೋಲುತ್ತದೆ. ಜರಿಯ ಅಂಚಂತೂ ಮಡಿಕೆಯಲ್ಲಿ ಮುರಿದು ಕೈಗೆ ಚುಚ್ಚುತ್ತದೆ, ಮಗುವಿನ ಕೌದಿಗೆ ಬೇಡವೇ ಬೇಡ. ಗುಳೇದಗುಡ್ಡದ ಖಣದ ಹಳೆಯ ಕುಪ್ಪಸಗಳು ಸಿಕ್ಕರೆ ಅವನ್ನು ನಡುಭಾಗದ ತುಣುಕುಗಳಿಗೆ ಇಟ್ಟುಕೊಳ್ಳಿ. ಹೊಳಪಿನ ನೂಲು ಕತ್ತರಿಸಿದ ಕಡೆ ಸಲೀಸಾಗಿ ಎಳೆ ಬಿಡುತ್ತದೆ.

ಕೊನೆಗೆ ಬಲದ ಪರೀಕ್ಷೆ. ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಹೆಬ್ಬೆರಳುಗಳನ್ನು ಒತ್ತಿ ಚಟ್ಟನೆ ಎಳೆಯಿರಿ, ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಹರಿದರೆ ಅಥವಾ ಎಳೆಗಳು ಸರಿದು ಬೆಳಕು ಕಂಡರೆ ಆ ಬಟ್ಟೆ ಎಷ್ಟೇ ಪ್ರೀತಿಯದಾದರೂ ಅಂಚಿಗೆ ತರಬೇಡಿ. ನಡುಭಾಗದಲ್ಲಿ, ಒತ್ತೊತ್ತಾದ ಹೊಲಿಗೆ ಸಾಲುಗಳ ಅಡಿಯಲ್ಲಿ ಅದು ಬಹುಕಾಲ ಬಾಳುತ್ತದೆ.

ಎಷ್ಟು ಅಗಲ, ಎಷ್ಟು ತುಂಡು

ತೆಳು ಹೊದಿಕೆಗೆ ಎರಡೂವರೆ ಇಂಚು ಅಗಲದ ಪಟ್ಟಿ ಸಾಕಾಗುತ್ತದೆ. ಕೌದಿ ದಪ್ಪ ಇರುವುದರಿಂದ ಅಳೆದೇ ನಿರ್ಧರಿಸಬೇಕು. ಪಟ್ಟಿ ಹೊಲಿಯುವ ಮಾರ್ಜಿನ್, ಅಂದರೆ ಬಟ್ಟೆಯ ತುದಿಯಿಂದ ಹೊಲಿಗೆಯ ಗೆರೆಗೆ ಬಿಡುವ ಜಾಗ, 3/8 ಇಂಚು ಎಂದಿಟ್ಟುಕೊಳ್ಳಿ. ಮುಂದೆ ಕಾಣುವ ಭಾಗ ಇನ್ನೊಂದು 3/8 ಇಂಚು, ಕೌದಿಯ ದಪ್ಪ ಕಾಲು ಇಂಚು, ಹಿಂಬದಿಯಲ್ಲಿ ಹೊಲಿಗೆಯ ಗೆರೆ ಮುಚ್ಚುವಂತೆ ಅರ್ಧ ಇಂಚು. ಎಲ್ಲ ಸೇರಿ ಒಂದೂವರೆ ಇಂಚು. ಪಟ್ಟಿ ಮಡಚಿದ್ದಲ್ಲವೇ, ಆದ್ದರಿಂದ ಇದರ ಎರಡು ಪಟ್ಟು, ಅಂದರೆ 3 ಇಂಚು ಅಗಲಕ್ಕೆ ಕತ್ತರಿಸಬೇಕು. ಕೌದಿ ಇನ್ನೂ ದಪ್ಪವಿದ್ದರೆ ದಪ್ಪದ ಅಂಕಿಯೊಂದನ್ನು ಬದಲಿಸಿ ಮತ್ತೆ ಕೂಡಿಸಿ. ಬಟ್ಟೆ ಎಷ್ಟೇ ಬಗೆಯದಿರಲಿ, ಎಲ್ಲ ತುಂಡುಗಳ ಅಗಲ ಒಂದೇ ಇರಬೇಕು. ಇಲ್ಲಿ ಒಂದು ನೂಲಿನಷ್ಟು ವ್ಯತ್ಯಾಸವೂ ಹಿಂಬದಿಯಲ್ಲಿ ಮೆಟ್ಟಿಲಾಗಿ ಕಾಣುತ್ತದೆ.

ಉದ್ದಕ್ಕೆ ಸುತ್ತಳತೆಯ 300 ಇಂಚಿನ ಜೊತೆ ಮೂಲೆಗಳಿಗೂ ಕೊನೆಯ ಕೂಡಿಕೆಗೂ 12 ಇಂಚು ಸೇರಿಸಿ, 312 ಆಯಿತು. ಆದರೆ 312 ಇಂಚಿನಷ್ಟು ತುಂಡು ಎಣಿಸಿ ಇಟ್ಟುಕೊಂಡರೆ ಸಾಲುವುದಿಲ್ಲ, ಏಕೆಂದರೆ ಪ್ರತಿ ಕೂಡಿಕೆಯೂ ಉದ್ದವನ್ನು ತಿನ್ನುತ್ತದೆ. ಓರೆಯಾಗಿ ಕೂಡಿಸಿದರೆ (ಅದರ ಬಗೆ ಮುಂದೆ ಬರುತ್ತದೆ) ಒಂದೊಂದು ಕೂಡಿಕೆಗೆ ಪಟ್ಟಿಯ ಅಗಲದಷ್ಟು, ಅಂದರೆ 3 ಇಂಚು ಹೋಗುತ್ತದೆ. ಹೀಗಾಗಿ 20 ಇಂಚಿನ ತುಂಡುಗಳಾದರೆ 19 ಬೇಕು. ನೇರವಾಗಿ ಕಾಲು ಇಂಚು ಮಾರ್ಜಿನ್ ಇಟ್ಟು ಕೂಡಿಸಿದ್ದರೆ 16 ಸಾಕಿತ್ತು. 12 ಇಂಚಿನ ಚಿಕ್ಕ ತುಂಡುಗಳನ್ನು ಓರೆಯಾಗಿ ಕೂಡಿಸುವುದಾದರೆ 35 ಬೇಕಾಗುತ್ತವೆ, ಕಾಲುಭಾಗ ಬಟ್ಟೆ ಕೂಡಿಕೆಗೇ ಖರ್ಚು. ಅದಕ್ಕಿಂತ ಚಿಕ್ಕ ತುಂಡು ಓರೆ ಕೂಡಿಕೆಗೆ ತಕ್ಕುದಲ್ಲ.

ಓರೆ ಕೂಡಿಕೆ ಯಾಕೆ

ಬಟ್ಟೆ ಇಷ್ಟು ಖರ್ಚಾಗುವುದಾದರೆ ನೇರವಾಗಿಯೇ ಕೂಡಿಸಬಾರದೇಕೆ? ಪದರ ಎಣಿಸಿದರೆ ಉತ್ತರ ಸಿಗುತ್ತದೆ. ಮಡಚಿದ ಪಟ್ಟಿ ಕೌದಿಯ ಅಂಚನ್ನು ಸುತ್ತಿದಾಗ ಮುಂದೆ ಎರಡು, ಹಿಂದೆ ಎರಡು, ಒಟ್ಟು ನಾಲ್ಕು ಪದರ. ನೇರ ಕೂಡಿಕೆಯ ಮಾರ್ಜಿನ್ ಬಿಡಿಸಿ ಒತ್ತಿದರೂ ಆ ಜಾಗದಲ್ಲಿ ಪ್ರತಿ ಪದರವೂ ಇಮ್ಮಡಿಯಾಗಿ ನಾಲ್ಕು ಎಂಟಾಗುತ್ತದೆ. ಎಂಟೂ ಒಂದೇ ಗೆರೆಯ ಮೇಲೆ. ಸೂಜಿ ಹೋಗುವುದು ಕಷ್ಟ, ಉಬ್ಬಿದ ಜಾಗವೇ ಬೇಗ ಸವೆಯುವುದೂ ಖಚಿತ. ಗೋಡೆ ಕಟ್ಟುವವರು ಒಂದು ಸಾಲಿನ ಸಂದಿನ ಮೇಲೆ ಮುಂದಿನ ಸಾಲಿನ ಸಂದು ಬೀಳದಂತೆ ಇಟ್ಟಿಗೆ ಸರಿಸಿ ಇಡುತ್ತಾರಲ್ಲ, ಓರೆ ಕೂಡಿಕೆ ಮಾಡುವುದೂ ಅದನ್ನೇ. ಕೂಡಿಕೆಯ ಗೆರೆ ಪಟ್ಟಿಯ ಉದ್ದಕ್ಕೆ ಮೂರು ಇಂಚಿನಷ್ಟು ಹರಡಿಕೊಳ್ಳುತ್ತದೆ. ಮಡಚಿದಾಗ ಒಂದು ಪದರದ ದಪ್ಪ ಒಂದು ಕಡೆ, ಇನ್ನೊಂದರದು ಮುಂದೆ ಸರಿದು ಇನ್ನೊಂದು ಕಡೆ. ಎಲ್ಲಿ ಮುಟ್ಟಿದರೂ ಐದಾರು ಪದರಕ್ಕಿಂತ ಹೆಚ್ಚಿರುವುದಿಲ್ಲ.

ಮಾಡುವ ಬಗೆ ಹೀಗೆ. ಮೊದಲ ಪಟ್ಟಿಯನ್ನು ಸರಿಮುಖ ಮೇಲೆ ಮಾಡಿ ಎಡದಿಂದ ಬಲಕ್ಕೆ ಚಾಚಿ. ಅದರ ಬಲತುದಿಯ ಮೇಲೆ ಎರಡನೆಯ ಪಟ್ಟಿಯ ತುದಿಯನ್ನು ಸರಿಮುಖ ಕೆಳಗೆ ಮಾಡಿ, ಕೆಳಮುಖವಾಗಿ ಇಳಿಬಿಡಿ. ಎರಡೂ ಸೇರಿ ಲಂಬಕೋನವಾಗಬೇಕು, ತುದಿಗಳು ಒಂದರ ಮೇಲೊಂದು ಕೂತು ಮೂರು ಇಂಚಿನ ಚೌಕವಾಗಬೇಕು. ಆ ಚೌಕದಲ್ಲಿ ಮೇಲಿನ ಎಡಮೂಲೆಯಿಂದ ಕೆಳಗಿನ ಬಲಮೂಲೆಗೆ ಸೀಮೆಸುಣ್ಣದ ಗೆರೆ ಎಳೆದು, ಗೆರೆಯ ಮೇಲೆಯೇ ಸಣ್ಣ ಹೊಲಿಗೆ ಹಾಕಿ. ಕತ್ತರಿಸುವ ಮೊದಲು ಎರಡನೆಯ ಪಟ್ಟಿಯನ್ನು ತಿರುಗಿಸಿ ನೋಡಿ. ಅದು ಮೊದಲನೆಯದರ ಮುಂದುವರಿಕೆಯಾಗಿ ನೇರಕ್ಕೆ ಬಿಚ್ಚಿಕೊಂಡರೆ ಹೊಲಿಗೆ ಸರಿಯಾಗಿದೆ. ತಪ್ಪು ಕರ್ಣಕ್ಕೆ ಹೊಲಿದಿದ್ದರೆ ಬಿಚ್ಚಿಕೊಳ್ಳುವುದೇ ಇಲ್ಲ. ಸರಿಯಿದ್ದರೆ ಮೂಲೆಯ ತ್ರಿಕೋನವನ್ನು ಕಾಲು ಇಂಚು ಬಿಟ್ಟು ಕತ್ತರಿಸಿ, ಮಾರ್ಜಿನ್ನನ್ನು ಎರಡೂ ಕಡೆಗೆ ಬಿಡಿಸಿ ಇಸ್ತ್ರಿ ಒತ್ತಿ. ಬಟ್ಟೆಗಳ ಬಣ್ಣ ಬೇರೆ ಬೇರೆ ಇರುವಾಗ ಈ ಓರೆಗೆರೆ ಎದ್ದು ಕಾಣುತ್ತದೆ. ಎಲ್ಲ ಕೂಡಿಕೆಯನ್ನೂ ಒಂದೇ ಕಡೆಗೆ ಓರೆ ಮಾಡಿದರೆ ನೋಟಕ್ಕೆ ಒಂದು ಓಟ ಬರುತ್ತದೆ.

ಬಣ್ಣ ಎಲ್ಲಿ ಬದಲಾಗಬೇಕು

ಎಲ್ಲ ತುಂಡುಗಳನ್ನೂ ಕಲಸಿ, ಕೈಗೆ ಸಿಕ್ಕಿದ್ದನ್ನು ಕೂಡಿಸುತ್ತ ಹೋಗುವುದು ಸುಲಭದ ದಾರಿ. ಒಂದೇ ಬಟ್ಟೆಯ ಎರಡು ತುಂಡು ಪಕ್ಕಪಕ್ಕ ಬರದಂತೆ ನೋಡಿಕೊಂಡರೆ ಸಾಕು. ನಡುಭಾಗ ತೀರ ಗಜಿಬಿಜಿ ಇದ್ದರೆ ಬೇರೊಂದು ಉಪಾಯ ಚೆನ್ನಾಗಿ ಹೊಂದುತ್ತದೆ: ಅಂಚಿನ ಹೆಚ್ಚಿನ ಭಾಗಕ್ಕೆ ಒಂದೇ ಗಾಢ ಬಣ್ಣ ಹಾಕಿ, ಅಲ್ಲಲ್ಲಿ ಒಂದೊಂದು ತುಂಡು ಬೇರೆ ಬಟ್ಟೆ ಸೇರಿಸುವುದು.

ನಾಲ್ಕು ಬದಿಗೆ ನಾಲ್ಕು ಬಟ್ಟೆ ಬೇಕೆನ್ನುವವರಿದ್ದಾರೆ. ಒಂದೇ ಉದ್ದನೆಯ ಪಟ್ಟಿ ಮಾಡಿಕೊಂಡು, ಬಣ್ಣ ಸರಿಯಾಗಿ ಮೂಲೆಯಲ್ಲೇ ಬದಲಾಗಲಿ ಎಂದು ಹೊರಟರೆ ಅಳತೆ ಕೂದಲೆಳೆಯಷ್ಟು ತಪ್ಪಿದರೂ ಕೆಡುತ್ತದೆ, ಕೂಡಿಕೆಯ ದಪ್ಪವೂ ಮೂಲೆಯ ಮಡಿಕೆಯೊಳಗೇ ಸಿಕ್ಕಿಕೊಳ್ಳುತ್ತದೆ. ಅದರ ಬದಲು ನಾಲ್ಕು ಬಿಡಿ ಪಟ್ಟಿಗಳನ್ನೇ ಇಟ್ಟುಕೊಳ್ಳಿ. ಎದುರುಬದುರಿನ ಎರಡು ಉದ್ದ ಬದಿಗಳನ್ನು ಮೊದಲು ಪೂರ್ತಿ ಮುಗಿಸಿ ತುದಿ ಸಮ ಮಾಡಿ. ಆಮೇಲೆ ಅಡ್ಡ ಬದಿಗಳಿಗೆ ಎರಡೂ ತುದಿಯಲ್ಲಿ ಅರ್ಧ ಇಂಚು ಹೆಚ್ಚಿರುವ ಪಟ್ಟಿ ಹಾಕಿ, ಆ ಹೆಚ್ಚನ್ನು ಒಳಕ್ಕೆ ಮಡಚಿ ಮುಚ್ಚಿದರೆ ಮೂಲೆ ಚೌಕವಾಗಿ ಕೂರುತ್ತದೆ.

ಎರಡು ಬಟ್ಟೆಯನ್ನು ಪಟ್ಟಿಯ ಉದ್ದಕ್ಕೂ ಕೂಡಿಸುವ ಬಗೆಯೂ ಒಂದಿದೆ. ಅಂಚಿನ ಒಳಬದಿಯಲ್ಲಿ ಇನ್ನೊಂದು ಬಣ್ಣದ ಸಣ್ಣ ಗೆರೆ ಪೈಪಿಂಗಿನ ಹಾಗೆ ಇಣುಕುತ್ತದೆ. ಮುಖ್ಯ ಬಟ್ಟೆ ಒಂದೂವರೆ ಇಂಚು, ಗೆರೆಯ ಬಟ್ಟೆ ಎರಡು ಇಂಚು ಅಗಲಕ್ಕೆ ಕತ್ತರಿಸಿ ಕಾಲು ಇಂಚು ಮಾರ್ಜಿನ್ನಿನಲ್ಲಿ ಉದ್ದಕ್ಕೆ ಹೊಲಿದರೆ ಮೂರು ಇಂಚಿನ ಪಟ್ಟಿಯಾಗುತ್ತದೆ. ನಡುವೆ ಮಡಚಿದಾಗ ಅಗಲದ ಬಟ್ಟೆ ಏಣನ್ನು ದಾಟಿ ಈಚೆಗೆ ಕಾಲು ಇಂಚು ಬರುತ್ತದೆ. ಎರಡರ ಅಗಲದ ವ್ಯತ್ಯಾಸದಲ್ಲಿ ಅರ್ಧದಷ್ಟು ಇಣುಕುತ್ತದೆ ಎಂದು ನೆನಪಿಟ್ಟುಕೊಂಡರೆ ಯಾವ ಅಳತೆಗೂ ಹೊಂದಿಸಬಹುದು. ಈ ಪಟ್ಟಿಯನ್ನು ಮುಖ್ಯ ಬಟ್ಟೆಯ ಮುಖ ಕೆಳಗಾಗುವಂತೆ ಕೌದಿಯ ಹಿಂಬದಿಗೆ ಮೊದಲು ಹೊಲಿದು, ಮುಂದಕ್ಕೆ ಮಡಚಿ, ಎರಡು ಬಣ್ಣಗಳ ನಡುವಿನ ಸಂದಿನಲ್ಲೇ ಹೊಲಿಗೆ ಓಡಿಸಿದರೆ ಕೆಲಸ ಮುಗಿಯಿತು.

ಮುಂದೆ ಒಂದು ಬಣ್ಣ, ಹಿಂದೆ ಒಂದು ಬಣ್ಣ ಬರಲಿ ಎಂದು ಕೂಡಿಕೆಯನ್ನು ಸರಿಯಾಗಿ ಅಂಚಿನ ಏಣಿಗೆ ತರುವುದು ಬೇಡ. ಅತಿ ಹೆಚ್ಚು ಉಜ್ಜುವ ಜಾಗದಲ್ಲಿ ಹೊಲಿಗೆ ಇಟ್ಟಂತಾಗುತ್ತದೆ.

ಮೂಲೆ ಮತ್ತು ಕೊನೆಯ ಕೂಡಿಕೆ

ಉದ್ದನೆಯ ಪಟ್ಟಿ ತಯಾರಾದ ಮೇಲೆ ಸೂಜಿ ಹಿಡಿಯುವ ಮೊದಲು ಅದನ್ನು ಕೌದಿಯ ಸುತ್ತ ಸುಮ್ಮನೆ ಹಾಸಿ ನೋಡಿ. ಯಾವುದಾದರೂ ಕೂಡಿಕೆ ಮೂಲೆಯ ಮೇಲೆ ಬೀಳುತ್ತಿದೆಯೇ? ಬಿದ್ದರೆ ಶುರು ಮಾಡುವ ಜಾಗವನ್ನು ನಾಲ್ಕೈದು ಇಂಚು ಆಚೀಚೆ ಸರಿಸಿ. ಒಂದನ್ನು ತಪ್ಪಿಸಿದಾಗ ಇನ್ನೊಂದು ಮೂಲೆಗೆ ಬಂದರೆ ಆ ಬದಿಯ ಒಂದು ತುಂಡನ್ನು ಬಿಚ್ಚಿ ಗಿಡ್ಡ ಮಾಡಬೇಕು. ತುಂಡು ಹೆಚ್ಚಿದಷ್ಟೂ ಈ ಪರೀಕ್ಷೆ ಅಗತ್ಯ.

ಪಟ್ಟಿಯ ತೆರೆದ ತುದಿಗಳು ಕೌದಿಯ ಅಂಚಿಗೆ ಸಮನಾಗಿರಲಿ. ಬದಿಯ ನಡುವಿನಿಂದ, ಏಳೆಂಟು ಇಂಚು ಬಾಲ ಬಿಟ್ಟು ಹೊಲಿಯಲು ಶುರು ಮಾಡಿ. ಮೂಲೆ 3/8 ಇಂಚು ದೂರವಿದೆ ಎನ್ನುವಾಗ ನಿಲ್ಲಿಸಿ ದಾರ ಭದ್ರ ಮಾಡಿ. ಪಟ್ಟಿಯನ್ನು ಮೇಲಕ್ಕೆ ಮಡಚಿ, ಅಲ್ಲೊಂದು ಓರೆ ಮಡಿಕೆ ಬೀಳುತ್ತದೆ. ಮತ್ತೆ ಕೆಳಕ್ಕೆ, ಮುಂದಿನ ಬದಿಯ ಮೇಲೆ ತಂದು, ಆ ಬದಿಯ ತುದಿಯಿಂದ ಹೊಲಿಗೆ ಮುಂದುವರಿಸಿ. ಹಿಂದಕ್ಕೆ ಮಡಚಿದಾಗ ಮೂಲೆಯಲ್ಲಿ ಚಿತ್ರದ ಚೌಕಟ್ಟಿನಂಥ ಓರೆ ಗೆರೆ ತಾನಾಗಿ ಮೂಡುತ್ತದೆ.

ಶುರು ಮಾಡಿದ ಜಾಗ ಹತ್ತಿರವಾದಾಗ ಹತ್ತು ಹನ್ನೆರಡು ಇಂಚು ಬಿಟ್ಟು ನಿಲ್ಲಿಸಿ. ಎರಡೂ ಬಾಲಗಳನ್ನು ಅಂಚಿನ ಮೇಲೆ ಚಾಚಿ, ಒಂದರ ಮೇಲೊಂದು ಸರಿಯಾಗಿ ಪಟ್ಟಿಯ ಅಗಲದಷ್ಟೇ, ಅಂದರೆ 3 ಇಂಚು ಮಾತ್ರ ಕೂರುವಂತೆ ಕತ್ತರಿಸಿ. ಮಡಿಕೆ ಬಿಡಿಸಿ ಮೊದಲಿನ ಹಾಗೇ ಓರೆಯಾಗಿ ಕೂಡಿಸಿದರೆ ಅಳತೆ ತಾನಾಗಿ ಸರಿಹೋಗುತ್ತದೆ. ಹಲವು ಬಟ್ಟೆಯ ಅಂಚಿನಲ್ಲಿ ಮೊದಲ ತುಂಡನ್ನೂ ಕೊನೆಯ ತುಂಡನ್ನೂ ಒಂದೇ ಬಟ್ಟೆಯದಾಗಿ ಇಟ್ಟುಕೊಂಡರೆ ಈ ಕೂಡಿಕೆ ಎಲ್ಲಿದೆ ಎಂದು ಹುಡುಕಿದರೂ ಸಿಗದು.

ಹಿಂಬದಿಯಲ್ಲಿ ಕೈಯಿಂದಲೇ ಹೆಮ್ಮಿಂಗ್ ಮಾಡುವುದು ಒಳ್ಳೆಯದು. ಬಟ್ಟೆ ಬದಲಾದಾಗಲೆಲ್ಲ ದಾರ ಬದಲಿಸಬೇಕಾಗಿಲ್ಲ. ಮಾಸಲು ಬೂದು ಬಣ್ಣದ ಹತ್ತಿ ದಾರ ಹೆಚ್ಚಿನ ಬಣ್ಣಗಳಲ್ಲಿ ಅಡಗಿಹೋಗುತ್ತದೆ. ಕೌದಿಯ ಒಡಲಲ್ಲಿ ಎದ್ದು ಕಾಣುವ ದಾರ ಬಳಸಿದ್ದರೆ ಅದನ್ನೇ ಅಂಚಿಗೂ ತನ್ನಿ, ಹೊಲಿಗೆ ಕಾಣುವುದೇ ಕೌದಿಗೆ ಶೋಭೆ.

ಸಿದ್ದಿ ಮಹಿಳೆಯರ ದಾರಿ

ಇದುವರೆಗೆ ಹೇಳಿದ್ದೆಲ್ಲ ಕೌದಿ ಮುಗಿದ ಮೇಲೆ ಅಂಚು ಕಟ್ಟುವ ಕ್ರಮ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳಲ್ಲಿ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಹಿಳೆಯರು ಹೊಲಿಯುವ ಕೌದಿಗೆ ಕವಂದಿ ಎಂದು ಹೆಸರು, ಅದರಲ್ಲಿ ಕೆಲಸವೇ ಅಂಚಿನಿಂದ ಶುರುವಾಗುತ್ತದೆ. ಅಸ್ತರದ ಒಂದು ಮೂಲೆಯಲ್ಲಿ ಮೊದಲ ತುಣುಕು ಇಟ್ಟು, ಅಸ್ತರದ ಅಂಚನ್ನೂ ತುಣುಕಿನ ಹೊರಬದಿಯನ್ನೂ ಒಳಕ್ಕೆ ಮಡಚಿ ಕೂಡಿಸಿ ಹೊಲಿಯುತ್ತಾರೆ. ಪಕ್ಕಕ್ಕೆ ಇನ್ನೊಂದು ತುಣುಕು, ಮತ್ತೊಂದು. ಹೀಗೆ ಸುತ್ತು ಬಂದು, ಸುತ್ತುತ್ತಲೇ ಒಳಗೆ ಸರಿದು ನಡುವಿಗೆ ಬಂದು ಮುಗಿಸುತ್ತಾರೆ. ಬೇರೆ ಪಟ್ಟಿಯೇ ಇಲ್ಲ. ಅಂಚಿನಲ್ಲಿ ಹತ್ತಾರು ಬಟ್ಟೆ ಇರುವುದು ಇಲ್ಲಿ ಸಹಜ, ಏಕೆಂದರೆ ಅಂಚು ತುಣುಕುಗಳಿಂದಲೇ ಆದದ್ದು. ನಾಲ್ಕು ಮೂಲೆಗೂ ಬಣ್ಣದ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ, ಪದರ ಪದರವಾಗಿ ಸೇರಿಸುತ್ತಾರೆ. ಇವನ್ನು ಫುಲ ಎನ್ನುತ್ತಾರೆ, ಫುಲವಿಲ್ಲದ ಕವಂದಿ ಅವರ ಕಣ್ಣಿಗೆ ಅರೆಬರೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಮಹಿಳೆಯರ ಜೊತೆ ಹಲವು ವರ್ಷ ಒಡನಾಡಿ ಈ ಕಲೆಯನ್ನು ದಾಖಲಿಸಿದ್ದಾರೆ.

ಓರೆ ಕೂಡಿಕೆ, ಮೂಲೆಯ ಮಡಿಕೆ, ಉದ್ದದ ಲೆಕ್ಕ ಯಾವುದೂ ಬೇಡವೆನ್ನುವವರಿಗೆ ಈ ಕ್ರಮ ಹೇಳಿ ಮಾಡಿಸಿದ್ದು. ಆದರೆ ಅಂಚು ಸವೆದರೆ ಬಿಚ್ಚಿ ತೆಗೆಯಲು ಪಟ್ಟಿ ಇರುವುದಿಲ್ಲ, ಸವೆದ ಕಡೆ ಮೇಲೊಂದು ತೇಪೆಯನ್ನೇ ಹಾಕಬೇಕಾಗುತ್ತದೆ.

ಸವೆದ ತುಂಡನ್ನು ಬದಲಿಸುವಾಗ

ಒಂದೇ ಬಟ್ಟೆಯ ಅಂಚು ಒಂದು ಕಡೆ ಹರಿದರೆ ಅದಕ್ಕೆ ಹೊಂದುವ ಬಟ್ಟೆ ಹತ್ತು ವರ್ಷದ ಮೇಲೆ ಎಲ್ಲಿಂದ ತರುವುದು? ತಂದರೂ ತೇಪೆ ತೇಪೆಯಾಗಿಯೇ ಕಾಣುತ್ತದೆ. ಹಲವು ಬಟ್ಟೆಯ ಅಂಚಿನಲ್ಲಿ ಆ ತೊಂದರೆ ಇಲ್ಲ. ಸವೆದ ತುಂಡಿನ ಎರಡೂ ಬದಿಯ ಓರೆ ಕೂಡಿಕೆಯನ್ನು ಬಿಚ್ಚಿ, ಆಚೀಚೆ ಒಂದೊಂದು ಗೇಣು ಹೊಲಿಗೆ ಸಡಿಲಿಸಿದರೆ ಆ ತುಂಡು ಕೈಗೆ ಬರುತ್ತದೆ. ಅದನ್ನೇ ಅಚ್ಚಾಗಿ ಹೊಸ ಬಟ್ಟೆಯ ಮೇಲಿಟ್ಟು, ಅದೇ ಓರೆ, ಅದೇ ಅಗಲಕ್ಕೆ ಕತ್ತರಿಸಿ. ಹಳೆಯ ತುಂಡು ಜಗ್ಗಿ ಉದ್ದವಾಗಿರಬಹುದು, ಆದ್ದರಿಂದ ಕೌದಿಯ ಮೇಲಿನ ಖಾಲಿ ಜಾಗವನ್ನೂ ಟೇಪು ಹಿಡಿದು ಅಳೆಯಿರಿ. ಎರಡು ಅಳತೆ ಬೇರೆಯಾದರೆ ಕೌದಿಯ ಅಳತೆಯನ್ನೇ ನಂಬಬೇಕು. ಹೊಸ ಬಟ್ಟೆಯನ್ನು ನೆನೆಸಿ ಒಣಗಿಸುವುದು, ಬಣ್ಣ ಬಿಡುತ್ತದೆಯೇ ನೋಡುವುದು ಈಗಲೂ ತಪ್ಪಬಾರದು. ಎರಡೂ ಕೂಡಿಕೆಯನ್ನು ಮೊದಲು ಹೊಲಿದು, ಇಸ್ತ್ರಿ ಒತ್ತಿ, ಆಮೇಲೆ ಮುಂಬದಿಗೆ ಹೊಲಿದು ಹಿಂದಕ್ಕೆ ಮಡಚಿ ಹೆಮ್ಮಿಂಗ್ ಮಾಡಿದರೆ ಅಂಚಿಗೆ ಇನ್ನೊಂದು ಬಟ್ಟೆ ಸೇರಿತು.